ಇಬ್ಬರು ಪಾರಸನೀಸರು: ಒಂದು ಅಪರೂಪದ ಅಡ್ಡಹೆಸರಿನ ಪ್ರಕರಣ

ಉತ್ತರ ಕರ್ನಾಟಕದಲ್ಲಿ ಮದುವೆಯ ಮಾತುಕತೆ ಮುರಿಯಲು ಜಾತಕ, ನೌಕರಿಯ ಊರು, ಹಿರಿಯರ ಮುನಿಸು ಎಂದು ಹತ್ತು ಕಾರಣಗಳು ಸಿಗುತ್ತವೆ. ಈ ಪ್ರಕರಣದಲ್ಲಿ ಅಡ್ಡಿಯಾದದ್ದು ಎರಡೂ ಮನೆಗಳ ಅಡ್ಡಹೆಸರು ಒಂದೇ ಆಗಿದ್ದದ್ದು. ಆ ಹೆಸರು ಕುಲಕರ್ಣಿ, ಜೋಶಿ ಅಥವಾ ದೇಸಾಯಿ ಆಗಿದ್ದರೆ ಯಾರೂ ಗಮನಿಸುತ್ತಲೇ ಇರಲಿಲ್ಲ. ಕುಲಕರ್ಣಿಗಳು ಕುಲಕರ್ಣಿಗಳನ್ನು ಮದುವೆಯಾಗುವುದು ಧಾರವಾಡದಲ್ಲಿ ಸುದ್ದಿಯೇ ಅಲ್ಲ. ಇದು ಪಾರಸನೀಸ. ಕರ್ನಾಟಕದಲ್ಲಿ ಈ ಹೆಸರಿನವರನ್ನು ಭೇಟಿಯಾಗದೆ ಜೀವನ ಕಳೆದವರೇ ಹೆಚ್ಚು.

ಅಡ್ಡಹೆಸರನ್ನು ಮರೆಮಾಡಿದರೆ ಪ್ರಕರಣವೇ ಉಳಿಯುವುದಿಲ್ಲವಾದ್ದರಿಂದ ಅದನ್ನು ಹಾಗೆಯೇ ಇಟ್ಟಿದ್ದೇನೆ. ಊರು, ನೌಕರಿ, ಮನೆದೇವರು ಇವನ್ನೆಲ್ಲ ಬದಲಿಸಿದ್ದೇನೆ. ಗೋತ್ರಗಳನ್ನೂ, ಮೂಲದ ತೊಡಕು ಕೆಡದಂತೆ, ಬದಲಿಸಿದ್ದೇನೆ.

ಹಿನ್ನೆಲೆ

ಹುಡುಗಿಯ ಮನೆಯವರು ಧಾರವಾಡದವರು. ಮೂಲ ಊರು ಕೃಷ್ಣೆಯ ದಂಡೆಯ ಒಂದು ಹಳ್ಳಿ. ಹಿಂದೆ ಪೇಶ್ವೆಗಳ ಸರದಾರರಾಗಿದ್ದ ಪಟವರ್ಧನರ ಸಂಸ್ಥಾನವೊಂದಕ್ಕೆ ಸೇರಿದ್ದ ಅದು ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಮನೆಮಾತು ಕನ್ನಡ. ಹುಡುಗನ ಮನೆ ಸಾಂಗಲಿಯ ಕಡೆಯದು, ಮನೆಮಾತು ಮರಾಠಿ. ಇಬ್ಬರೂ ಪುಣೆಯಲ್ಲಿ ಒಂದೇ ಕಚೇರಿಯಲ್ಲಿ ದುಡಿಯುತ್ತಿದ್ದರು. ಒಬ್ಬರಿಗೆ ಬರಬೇಕಾದ ಪತ್ರಗಳು ಇನ್ನೊಬ್ಬರಿಗೆ ಹೋಗುತ್ತಿದ್ದದ್ದೇ ಪರಿಚಯಕ್ಕೆ ಕಾರಣ. ಎರಡು ವರ್ಷದ ನಂತರ ವಿಷಯ ಹಿರಿಯರ ಬಳಿ ಬಂತು. ಇಬ್ಬರೂ ದೇಶಸ್ಥ ಬ್ರಾಹ್ಮಣರು, ಓದು ಸಂಬಳಗಳಲ್ಲಿ ಸಮಾನರು. ಒಪ್ಪಿಗೆ ಸಿಗುವುದು ಕಷ್ಟವಾಗಬಾರದಿತ್ತು.

ಹುಡುಗಿಯ ದೊಡ್ಡಪ್ಪ ಒಪ್ಪಲಿಲ್ಲ. ಅವರ ತರ್ಕ ಸರಳವಾಗಿತ್ತು. ಇಷ್ಟು ಅಪರೂಪದ ಹೆಸರು ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಲು ಸಾಧ್ಯವಿಲ್ಲ. ಎಲ್ಲೋ ಮೇಲೆ ಇಬ್ಬರದೂ ಒಂದೇ ಬೇರು. ಹಾಗಾದರೆ ಇವರು ಅಣ್ಣತಮ್ಮಂದಿರ ಮಕ್ಕಳು. ಹುಡುಗನ ಕಡೆಯವರು ಇದನ್ನು ತಣ್ಣಗಾಗಿಸಲು ಬಂದು ಇನ್ನಷ್ಟು ಕೆಡಿಸಿದರು. ‘ಪಾರಸನೀಸರೆಲ್ಲ ಸಾತಾರೆಯ ಒಂದೇ ಮನೆತನ, ನೀವು ನಮ್ಮವರೇ’ ಎಂದು ಹುಡುಗನ ಅಜ್ಜ ಸಂಭ್ರಮದಿಂದ ಹೇಳಿದರು. ಸಾತಾರೆಯ ಇತಿಹಾಸಕಾರ ದತ್ತಾತ್ರೇಯ ಬಳವಂತ ಪಾರಸನೀಸರ (1870–1926) ಹೆಸರು ಎಷ್ಟು ಪ್ರಸಿದ್ಧವೆಂದರೆ ಆ ಅಡ್ಡಹೆಸರಿನ ಯಾರಿಗೂ ಅವರೊಡನೆ ನಂಟು ಕಲ್ಪಿಸಿಕೊಳ್ಳಬೇಕೆನಿಸುವುದು ಸಹಜ. ಅಜ್ಜನ ಆ ಒಂದು ಮಾತು ದೊಡ್ಡಪ್ಪನ ಆಕ್ಷೇಪಕ್ಕೆ ಪುರಾವೆಯಾಯಿತು.

ನಾನು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿ ಓದುತ್ತೇನೆ, ಮನೆತನಗಳ ಹಳೆಯ ಕಾಗದಗಳನ್ನು ಓದಿಕೊಡುತ್ತೇನೆ. ಹುಡುಗಿಯ ತಂದೆ ಬಂದು ಕೇಳಿದ್ದು, ‘ನಮ್ಮ ಹೆಸರಿನ ಅರ್ಥ ಹೇಳಿ’ ಎಂದು.

ಅರ್ಥ ಸುಲಭ, ಉತ್ತರ ಅಲ್ಲ

ಮನೆಯಲ್ಲಿ ಅರ್ಥದ ಬಗ್ಗೆ ಆಗಲೇ ಮೂರು ಕಥೆಗಳಿದ್ದವು. ಮುಟ್ಟಿದ್ದನ್ನು ಚಿನ್ನವಾಗಿಸುವ ಪರುಷಮಣಿಯಿಂದ ಬಂದದ್ದು ಎಂಬುದು ಅಜ್ಜಿಯ ಮಾತು. ಪೂರ್ವಜರು ಪಾರ್ಶ್ವನಾಥನ ಭಕ್ತರಾಗಿದ್ದ ಜೈನರು ಎಂಬುದು ಚಿಕ್ಕಪ್ಪನ ಊಹೆ. ಬೆಂಗಳೂರಿನ ಪರಿಚಯಸ್ಥರಂತೂ ‘ನೀವು ಪಾರ್ಸಿಗಳೇ?’ ಎಂದು ಕೇಳಿ ಕೇಳಿ ಮನೆಮಂದಿಯನ್ನೆಲ್ಲ ಬೇಸರಗೊಳಿಸಿದ್ದರು.

ಮೂರೂ ಅಲ್ಲ. ಕೊನೆಯ ‘ನೀಸ’ ಎಂಬುದು ಪಾರಸಿ ಅಂದರೆ ಪರ್ಶಿಯನ್ ಭಾಷೆಯ ‘ನವೀಸ್’, ಬರೆಯುವವನು. ಮರಾಠರ ಆಡಳಿತದಲ್ಲಿ ಅದು ಸವೆದು ನೀಸ ಆಯಿತು. ಚಿಠ್ಠಿ ಬರೆಯುವವನು ಚಿಟನೀಸ, ಫರ್ದು ಅಂದರೆ ಲೆಕ್ಕದ ಪಟ್ಟಿ ಬರೆಯುವವನು ಫಡನೀಸ, ಬೊಕ್ಕಸದ ಲೆಕ್ಕದವನು ಪೋತನೀಸ, ಕೋಟೆಯ ಹಾಜರಿ ಪಟ್ಟಿಯವನು ಸಬನೀಸ, ಉಗ್ರಾಣದವನು ಕಾರಖಾನೀಸ. ಪಾರಸನೀಸ ಅಂದರೆ ಪಾರಸಿ ಭಾಷೆಯ ಪತ್ರಗಳನ್ನು ಓದಿ, ಬರೆದು, ಉತ್ತರ ಸಿದ್ಧಪಡಿಸುವವನು. ದಿಲ್ಲಿಯ ಬಾದಶಹ, ಹೈದರಾಬಾದಿನ ನಿಜಾಮ, ಸವಣೂರಿನ ನವಾಬ, ಶ್ರೀರಂಗಪಟ್ಟಣದ ಹೈದರ್ ಮತ್ತು ಟಿಪ್ಪು ಇವರೆಲ್ಲರ ರಾಜಕಾರಣದ ಪತ್ರಭಾಷೆ ಪಾರಸಿಯಾಗಿದ್ದಾಗ ಮರಾಠಿಯಲ್ಲಿ ಲೆಕ್ಕ ಬರೆಯುವ ದರಬಾರಿಗೂ ಇಂಥವನೊಬ್ಬ ಬೇಕಾಗುತ್ತಿದ್ದ.

ಇಷ್ಟು ಹೇಳಲು ಐದು ನಿಮಿಷ ಸಾಕು. ಆದರೆ ಇದರಿಂದ ದೊಡ್ಡಪ್ಪನ ಪ್ರಶ್ನೆಗೆ ಕೂದಲೆಳೆಯಷ್ಟೂ ಉತ್ತರ ಸಿಗುವುದಿಲ್ಲ. ಮನೆಯವರು ಮೂರು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದರು: ಹೆಸರಿನ ಅರ್ಥವೇನು, ಈ ಎರಡು ಮನೆಗಳಿಗೆ ರಕ್ತಸಂಬಂಧವಿದೆಯೇ, ಮದುವೆ ಆಗಬಹುದೇ. ಮೊದಲನೆಯದನ್ನು ಬದಿಗಿಟ್ಟು ಎರಡನೆಯದನ್ನು ಹೀಗೆ ಬದಲಿಸಿಕೊಂಡೆವು: ಈ ಹುದ್ದೆ ಯಾವ ದರಬಾರಿನದು, ಅದು ಹೆಸರಾಗಿ ಅಂಟಿಕೊಂಡದ್ದು ಯಾವ ತಲೆಮಾರಿಗೆ? ಇದನ್ನು ಎರಡೂ ಮನೆಗಳಿಗೆ ಬೇರೆ ಬೇರೆಯಾಗಿ ಕೇಳಬೇಕು.

ಎಣಿಸಲು ಹೊರಟದ್ದು

ಅಷ್ಟರಲ್ಲಿ ಹುಡುಗ ತನ್ನದೇ ದಾರಿ ಹಿಡಿದಿದ್ದ. ದೇಶದಲ್ಲಿ ಎಷ್ಟು ಪಾರಸನೀಸರಿದ್ದಾರೆಂದು ಎಣಿಸಿ, ಸಂಖ್ಯೆ ದೊಡ್ಡದಿದ್ದರೆ ದೊಡ್ಡಪ್ಪನ ವಾದ ಬೀಳುತ್ತದೆ ಎಂಬುದು ಅವನ ಲೆಕ್ಕ. ಕಾರ್ಯ ಅಂದುಕೊಂಡಂತೆ ಸಾಗಲಿಲ್ಲ. ನಮ್ಮ ಜನಗಣತಿ ಅಡ್ಡಹೆಸರುಗಳ ಎಣಿಕೆಯನ್ನು ಪ್ರಕಟಿಸುವುದಿಲ್ಲ. ಮತದಾರರ ಪಟ್ಟಿ ಮತಗಟ್ಟೆವಾರು ಚಿತ್ರರೂಪದ ಕಡತಗಳಾಗಿ ಸಿಗುತ್ತದೆ, ಅದರಲ್ಲಿ ಪದ ಹುಡುಕಲು ಬರುವುದಿಲ್ಲ. ಸಿಕ್ಕ ಕಡೆಯೂ ಪಾರಸನೀಸ, ಪಾರಸನಿಸ್, ಪಾರಸ್ನೀಸ್, ಪಾರಸನವೀಸ ಎಂದು ನಾಲ್ಕು ಬಗೆಯ ಕಾಗುಣಿತ. ಹಳೆ ಮೈಸೂರಿನ ಕಡೆ ನೆಲೆಸಿದವರಲ್ಲಿ ಕೆಲವರು ಅಲ್ಲಿನ ರೂಢಿಯಂತೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇಟ್ಟುಕೊಂಡು ಅಡ್ಡಹೆಸರನ್ನೇ ಬಿಟ್ಟಿದ್ದರು. ಸ್ಪಷ್ಟವಾದದ್ದು ಇಷ್ಟೇ: ಈ ಹೆಸರಿನವರ ನೆಲೆ ಮುಖ್ಯವಾಗಿ ಮಹಾರಾಷ್ಟ್ರ, ಕರ್ನಾಟಕದಲ್ಲಿ ಮುಂಬಯಿ ಪ್ರಾಂತಕ್ಕೂ ಮರಾಠಾ ಸಂಸ್ಥಾನಗಳಿಗೂ ಸೇರಿದ್ದ ಭಾಗದಲ್ಲಿ ಚದುರಿದ ಕೆಲವು ಮನೆಗಳು.

ಎಣಿಕೆ ಕೈಗೂಡದಿದ್ದರೂ ಹುಡುಗನ ಪ್ರಶ್ನೆ ವ್ಯರ್ಥವಾಗಲಿಲ್ಲ. ಒಂದು ಹುದ್ದೆಯ ಹೆಸರು ಇಂದು ಎಷ್ಟು ಮನೆಗಳಲ್ಲಿದೆ ಎಂಬುದು ಅಂದು ಆ ಹುದ್ದೆಗಳು ಎಷ್ಟಿದ್ದವು ಎಂಬುದನ್ನು ಅನುಸರಿಸುತ್ತದೆ. ಕುಲಕರ್ಣಿ ಹೆಚ್ಚುಕಡಿಮೆ ಪ್ರತಿ ಹಳ್ಳಿಗೆ ಒಬ್ಬ. ದೇಶಪಾಂಡೆ ಒಂದು ಪರಗಣೆಗೆ ಒಬ್ಬ. ಪಾರಸನೀಸ ಒಂದು ದರಬಾರಿಗೆ ಒಬ್ಬನೋ ಇಬ್ಬರೋ. ಹೆಸರು ಅಪರೂಪವಾದದ್ದು ಹುದ್ದೆ ಅಪರೂಪವಾಗಿದ್ದರಿಂದ, ಒಂದೇ ಮನೆಯಿಂದ ಬಂದದ್ದರಿಂದ ಅಲ್ಲ. ಇನ್ನು ದರಬಾರುಗಳೋ, ಹದಿನೆಂಟನೆಯ ಶತಮಾನದ ಕೊನೆಗೆ ಕೃಷ್ಣಾ ತುಂಗಭದ್ರೆಗಳ ನಡುವಿನ ಸೀಮೆಯಲ್ಲೇ ಎಷ್ಟಿದ್ದವು! ಪಟವರ್ಧನರು, ಮುಧೋಳದ ಘೋರ್ಪಡೆಗಳು, ನರಗುಂದ ರಾಮದುರ್ಗದ ಭಾವೆಗಳು. ಮೇಲೆ ಕೊಲ್ಹಾಪುರ, ಸಾತಾರಾ, ಪುಣೆ. ಇವರಲ್ಲಿ ಹಲವರಿಗೆ ಪಾರಸಿ ಬಲ್ಲ ಬರಹಗಾರ ಬೇಕಿತ್ತು. ಆ ಬರಹಗಾರನ ಮಗನಿಗೆ ಜನ ಯಾವ ಹೆಸರಿಟ್ಟು ಕರೆದಾರು?

ಹುದ್ದೆಯ ಹೆಸರು ವಂಶದ ಹೆಸರನ್ನು ನುಂಗುವುದಕ್ಕೆ ಎಲ್ಲರೂ ಬಲ್ಲ ಉದಾಹರಣೆ ಪೇಶ್ವೆಗಳ ಮಂತ್ರಿ ನಾನಾ ಫಡನವೀಸ. ಅವನ ಮನೆತನ ಭಾನು. ಇತಿಹಾಸ ಅವನನ್ನು ನೆನೆಯುವುದು ಫಡನವೀಸನೆಂದು. ಅವನು ಚಿತ್ಪಾವನ ಬ್ರಾಹ್ಮಣ. ಶಿವಾಜಿಯ ಚಿಟನೀಸನಾಗಿದ್ದ ಬಾಳಾಜಿ ಆವಜಿ ಚಾಂದ್ರಸೇನೀಯ ಕಾಯಸ್ಥ ಪ್ರಭು ಜಾತಿಯವನು. ನೀಸ ಎಂಬ ಬಾಲ ನೋಡಿ ಜಾತಿ ಹೇಳಲೂ ಬರುವುದಿಲ್ಲ, ವಂಶ ಹೇಳಲಂತೂ ಸಾಧ್ಯವೇ ಇಲ್ಲ.

ಈ ವಾದವನ್ನು ದೊಡ್ಡಪ್ಪ ತಾಳ್ಮೆಯಿಂದ ಕೇಳಿ, ‘ಬೇರೆ ಬೇರೆಯಾಗಿ ಹುಟ್ಟಿರಬಹುದು ಎಂದಿರಿ. ಹುಟ್ಟಿದೆ ಎನ್ನಲಿಲ್ಲ’ ಎಂದರು. ಆ ಮಾತಿನಲ್ಲಿ ಹುರುಳಿತ್ತು.

ಗೋತ್ರ ಬಿಡಿಸುವ ಬದಲು ಬಿಗಿದ ಗಂಟು

ಹುಡುಗಿಯ ತಂದೆ ಗೋತ್ರದ ಬಾಣ ಬಿಟ್ಟರು. ತಮ್ಮದು ಕೌಶಿಕ, ಅವರದು ವಿಶ್ವಾಮಿತ್ರ. ಗೋತ್ರ ಬೇರೆಯಾದ ಮೇಲೆ ದಾಯಾದಿಗಳಾಗುವುದು ಹೇಗೆ? ಇದು ಒಳ್ಳೆಯ ಪ್ರಶ್ನೆ, ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅವರು ಪುರೋಹಿತರನ್ನು ಕರೆಸಿದರು. ಪುರೋಹಿತರು ಪ್ರವರ, ಅಂದರೆ ಗೋತ್ರದ ಮೂಲಋಷಿಗಳ ಹೆಸರುಗಳನ್ನು, ಹೇಳಿಸಿದರು. ಎರಡರಲ್ಲೂ ವೈಶ್ವಾಮಿತ್ರ ಬಂತು. ಭೃಗು ಮತ್ತು ಅಂಗಿರಸ ಗಣಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಪ್ರವರದ ಒಬ್ಬ ಋಷಿ ಸಮಾನವಾದರೂ ಸಪ್ರವರ, ಮದುವೆ ಕೂಡದು ಎಂಬುದು ಶಾಸ್ತ್ರದ ನಿಯಮ. ಗೋತ್ರ ಬೇರೆ ಎಂದು ತೋರಿಸಲು ಹೋದವರು ಸಪ್ರವರದ ತೊಡಕನ್ನು ಮೈಮೇಲೆ ಎಳೆದುಕೊಂಡರು.

ಇಲ್ಲಿ ಎರಡು ಮಾತುಗಳನ್ನು ಬಿಡಿಸಿ ಹೇಳಬೇಕಾಯಿತು. ಪ್ರವರದ ಆಕ್ಷೇಪಕ್ಕೂ ಅಡ್ಡಹೆಸರಿಗೂ ಸಂಬಂಧವಿಲ್ಲ. ಹುಡುಗನ ಹೆಸರು ಬೇರೆ ಏನೇ ಆಗಿದ್ದರೂ ಅದು ಇರುತ್ತಿತ್ತು. ಕಾನೂನಿನ ದೃಷ್ಟಿಯಲ್ಲಿ ಅದು ಅಡ್ಡಿಯೂ ಅಲ್ಲ. ಸಗೋತ್ರ ಮತ್ತು ಸಪ್ರವರ ವಿವಾಹಗಳ ಮೇಲಿದ್ದ ನಿರ್ಬಂಧವನ್ನು 1946ರ ಕಾಯಿದೆಯೇ ತೆಗೆದುಹಾಕಿತು. 1955ರ ಹಿಂದೂ ವಿವಾಹ ಕಾಯಿದೆ ನೋಡುವುದು ಸಪಿಂಡ ಸಂಬಂಧವನ್ನು, ಅಂದರೆ ಹತ್ತಿರದ ರಕ್ತಸಂಬಂಧವನ್ನು: ತಂದೆಯ ಕಡೆ ಐದು ತಲೆಮಾರು, ತಾಯಿಯ ಕಡೆ ಮೂರು. ಅಂದರೆ ನಾವು ಹುಡುಕಬೇಕಾದ ಆಳ ಗೊತ್ತಾಯಿತು. ಆದಿಪುರುಷನವರೆಗೆ ಹೋಗಬೇಕಿಲ್ಲ, ಐದು ತಲೆಮಾರಿನ ಆಚೆಗೂ ಎರಡು ಬೇರುಗಳು ಬೇರೆಯಾಗಿವೆ ಎಂದು ತೋರಿಸಿದರೆ ಸಾಕು.

ಮನೆತನಗಳಲ್ಲಿ ಇದಕ್ಕೊಂದು ಹಳೆಯ ಪರೀಕ್ಷೆಯಿದೆ, ಸೂತಕ. ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹತ್ತು ದಿನ ಸೂತಕ ಹಿಡಿಯುತ್ತಿದ್ದರೇ? ಎರಡೂ ಕಡೆಯ ಅಜ್ಜಿಯರು ಇಲ್ಲವೆಂದರು. ಅತ್ತ ಒಂದು ಮನೆತನವಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಮನೆದೇವರೂ ಬೇರೆ, ಒಬ್ಬರದು ಬಾದಾಮಿಯ ಬನಶಂಕರಿ, ಇನ್ನೊಬ್ಬರದು ತುಳಜಾಪುರದ ಭವಾನಿ. ವಲಸೆ ಹೋದ ಮನೆತನ ಹತ್ತಿರದ ದೇವಿಗೆ ನಡೆದುಕೊಳ್ಳುವುದುಂಟು, ಆದ್ದರಿಂದ ಮನೆದೇವರನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಸೂತಕದ ಸಾಕ್ಷ್ಯ ಗಟ್ಟಿ.

ರುಮಾಲು ಬಿಚ್ಚಿದಾಗ

ಕೃಷ್ಣಾತೀರದ ಹಳ್ಳಿಯ ಮನೆಯ ಅಟ್ಟದಲ್ಲಿ ಬಟ್ಟೆಯಲ್ಲಿ ಸುತ್ತಿದ ಕಾಗದದ ರುಮಾಲುಗಳಿವೆ ಎಂದು ಹುಡುಗಿಗೆ ಗೊತ್ತಿತ್ತು. ಬೀಗದ ಕೈ ದೊಡ್ಡಪ್ಪನ ಬಳಿ ಇತ್ತು. ಅವರು ಕೊಟ್ಟರು, ಅದೂ ಖುಷಿಯಿಂದ. ಬಿಜಾಪುರದ ಆದಿಲ್‌ಶಾಹಿ ದರಬಾರಿನಲ್ಲಿ ತಮ್ಮ ಪೂರ್ವಜರು ಸುಲ್ತಾನನ ಪಕ್ಕದಲ್ಲಿ ಕುಳಿತು ಪಾರಸಿ ಬರೆಯುತ್ತಿದ್ದರೆಂದು ಅವರು ಬಾಲ್ಯದಿಂದ ಕೇಳಿದ್ದರು, ಅದು ಕಾಗದದಲ್ಲಿ ಸಿಗುತ್ತದೆಂದು ನಂಬಿದ್ದರು. ನನಗೆ ಆ ಭರವಸೆ ಇರಲಿಲ್ಲ. 1534ರಿಂದ 1558ರವರೆಗೆ ಆಳಿದ ಒಂದನೇ ಇಬ್ರಾಹಿಂ ಆದಿಲ್‌ಶಾಹನೇ ಕಂದಾಯದ ಲೆಕ್ಕಗಳನ್ನು ಪಾರಸಿಯಿಂದ ದೇಶಭಾಷೆಗೆ ತಂದು ಬ್ರಾಹ್ಮಣ ಗುಮಾಸ್ತರ ಕೈಗೆ ಕೊಟ್ಟವನು. ಬಿಜಾಪುರದಲ್ಲಿ ಬ್ರಾಹ್ಮಣರು ಏರಿದ್ದು ಪಾರಸಿಯಿಂದ ಅಲ್ಲ, ಪಾರಸಿ ಹಿಂದೆ ಸರಿದದ್ದರಿಂದ. ಪಾರಸನೀಸನೆಂಬ ಪ್ರತ್ಯೇಕ ಹುದ್ದೆಗೆ ಅರ್ಥ ಬರುವುದು ಉಳಿದ ಕಾಗದಗಳೆಲ್ಲ ಬೇರೆ ಭಾಷೆಯಲ್ಲಿರುವ ಕಚೇರಿಯಲ್ಲಿ, ಅಂದರೆ ಮರಾಠರ ಕಚೇರಿಯಲ್ಲಿ.

ಕಾಗದಗಳು ಮೋಡಿಯಲ್ಲಿದ್ದವು, ಹೆಚ್ಚಿನವು ಜಮೀನು ಮತ್ತು ಸಾಲದ ಪತ್ರಗಳು. ತಾರೀಖುಗಳು ಮರಾಠರ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಶುಹೂರ್ ಸನ ಎಂಬ ವರ್ಷಗಣನೆಯಲ್ಲಿ, ಅರಬ್ಬಿ ಅಂಕಿಗಳ ಹೆಸರುಗಳಲ್ಲಿ. ‘ಸಬಾ ಸಿತೈನ್ ಮಯಾ ವ ಅಲಫ್’ ಎಂದಿದ್ದರೆ ಏಳು, ಅರವತ್ತು, ನೂರು, ಸಾವಿರ, ಅಂದರೆ 1167. ಅದಕ್ಕೆ 599 ಕೂಡಿಸಿದರೆ ಕ್ರಿಸ್ತಶಕ 1766–67. ವರ್ಷ ಮೃಗಶಿರಾ ಮಳೆಯ ಹೊತ್ತಿಗೆ ಮೊದಲಾಗುವುದರಿಂದ ಎರಡು ಇಸವಿಗಳನ್ನು ಹೇಳಬೇಕು. ಇದನ್ನು ತಿಳಿಯದೆ ಹಿಜರಿ ಎಂದು ಓದಿದರೆ ಸುಮಾರು ಹದಿಮೂರು ವರ್ಷ ಹಿಂದೆ ಬೀಳುತ್ತೇವೆ.

ಪ್ರಕರಣ ತಿರುಗಿದ್ದು ಒಂದು ಸಾಮಾನ್ಯ ಕರಾರುಪತ್ರದಲ್ಲಿ. ಅದರಲ್ಲಿ ಮನೆಯ ಹಿರಿಯನೊಬ್ಬ ಸಹಿ ಮಾಡಿದ್ದು ಆ ಹಳ್ಳಿಯ ಕುಲಕರ್ಣಿ ಎಂದು. ಇಪ್ಪತ್ತು ಚಿಲ್ಲರೆ ವರ್ಷ ಕಳೆದ ಇನ್ನೊಂದು ಕಾಗದದಲ್ಲಿ ಅವನ ಕಿರಿಯ ಮಗ, ತಂದೆಯ ಹೆಸರು ಸಮೇತ, ‘ಪಾರಸನೀಸ, ನಿಸಬತ್ ಪಟವರ್ಧನ’, ಅಂದರೆ ಪಟವರ್ಧನರ ಕಡೆಯ ಪಾರಸನೀಸ, ಎಂದು ಬರುತ್ತಾನೆ. ಹಿರಿಯ ಮಗ ಕುಲಕರ್ಣಿಯಾಗಿಯೇ ಉಳಿದಿದ್ದಾನೆ. ಹೆಸರು ಹುಟ್ಟಿದ ತಲೆಮಾರು ಕಣ್ಣೆದುರಿಗೇ ಇತ್ತು. ಕಾಲವೂ ಹೊಂದುತ್ತದೆ: ಟಿಪ್ಪುವಿನ ಕೈಯಲ್ಲಿದ್ದ ಧಾರವಾಡದ ಕೋಟೆಗೆ ಪರಶುರಾಮ ಭಾವು ಪಟವರ್ಧನ ಮುತ್ತಿಗೆ ಹಾಕಿದ್ದು 1790ರಲ್ಲಿ, ಕೋಟೆಯ ಅಧಿಕಾರಿ ಬದ್ರುಜ್ಜಮಾನ್ ಖಾನ್ ಬಿಟ್ಟುಕೊಟ್ಟದ್ದು 1791ರ ಏಪ್ರಿಲಿನಲ್ಲಿ. ಅಂಥ ದಿನಗಳಲ್ಲಿ ಪಟವರ್ಧನರ ಸೈನ್ಯದ ಡೇರೆಯಲ್ಲಿ ಪಾರಸಿ ಬಲ್ಲ ಹುಡುಗನಿಗೆ ಕೆಲಸಕ್ಕೆ ಬರವಿರಲಿಲ್ಲ. ಈ ಹುಡುಗ ಆ ಮುತ್ತಿಗೆಯಲ್ಲಿದ್ದನೆಂದು ಕಾಗದ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ದೊಡ್ಡಪ್ಪ ಮಾತ್ರ ಮುಂದಿನ ವಾರವೇ ಹೇಳತೊಡಗಿದರು.

ಹುಡುಗನ ಮನೆಯಲ್ಲಿ ಕಾಗದಗಳು ಉಳಿದಿರಲಿಲ್ಲ. ಅವರಿಗೆ ತ್ರ್ಯಂಬಕೇಶ್ವರದ ದಾರಿ ತೋರಿಸಿದೆ. ಅಲ್ಲಿನ ತೀರ್ಥಪುರೋಹಿತರು ಯಾತ್ರೆಗೆ ಬಂದವರ ವಂಶಾವಳಿಯನ್ನು ಊರು ಮತ್ತು ಅಡ್ಡಹೆಸರಿನ ಪ್ರಕಾರ ವಹಿಗಳಲ್ಲಿ ಬರೆದಿಡುತ್ತಾರೆ, ಬಂದವರೇ ತಮ್ಮ ಕೈಯಾರೆ ಸಹಿ ಮಾಡಿರುತ್ತಾರೆ. ಪಾರಸನೀಸ ಎಂದು ಕೇಳಿದಾಗ ಮೊದಲು ಏನೂ ಸಿಗಲಿಲ್ಲ. ಅಜ್ಜನಿಗೆ ಮನೆತನದ ಹಳೆಯ ಊರಿನ ಹೆಸರು ನೆನಪಾಗಿ ಆ ಊರಿನ ವಹಿ ತೆಗೆಸಿದಾಗ ಅವರ ಹಿರಿಯರು ‘ಕರ’ ಕೊನೆಯಾಗುವ ಊರ ಹೆಸರಿನಡಿ ಇದ್ದರು. ಪಕ್ಕದಲ್ಲಿ ‘ಉರ್ಫ್ ಪಾರಸನೀಸ’, ಕೆಲಸ ಕೊಲ್ಹಾಪುರದ ಛತ್ರಪತಿಗಳ ಕಡೆ. ಸಾತಾರೆಯ ಸುಳಿವೇ ಇರಲಿಲ್ಲ.

ಎರಡು ಊರು, ಎರಡು ಹಳೆಯ ಹೆಸರು, ಎರಡು ದರಬಾರು. ಕೊಲ್ಹಾಪುರಕ್ಕೂ ಪಟವರ್ಧನರಿಗೂ ದೀರ್ಘಕಾಲದ ವೈರವಿತ್ತೆಂಬುದು ಬೇರೆ. ಐದಲ್ಲ, ಏಳು ತಲೆಮಾರಿನವರೆಗೆ ನಂಟಿಲ್ಲ. ಅದಕ್ಕಿಂತ ಆಚೆ ಇದ್ದೀತೇ ಎಂದು ದೊಡ್ಡಪ್ಪ ಕೇಳಿದಾಗ, ಇದ್ದರೂ ಅದು ಈ ಹೆಸರಿನಿಂದ ಬಂದದ್ದಲ್ಲ ಎಂದೆ; ಆಗ ಇಬ್ಬರಿಗೂ ಈ ಹೆಸರೇ ಇರಲಿಲ್ಲ.

ನಡೆದದ್ದು

ದೊಡ್ಡಪ್ಪ ಕೆಲವು ದಿನ ಮಾತು ಬಿಟ್ಟರು. ಅವರಿಗೆ ನೋವಾದದ್ದು ಮದುವೆಯಿಂದಲ್ಲ ಎಂಬುದು ನಮಗೆ ತಡವಾಗಿ ಹೊಳೆಯಿತು. ಆದಿಲ್‌ಶಾಹಿ ಸಿಂಹಾಸನದ ಪಕ್ಕದಿಂದ ಒಂದು ಸಣ್ಣ ಹಳ್ಳಿಯ ಕುಲಕರ್ಣಿಯ ಕಟ್ಟೆಗೆ ಇಳಿಯಬೇಕಾಗಿತ್ತಲ್ಲ, ಅದು. ಕಾಗದ ಓದಿಕೊಡುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಎಲ್ಲರ ಮುಂದೆ ಓದುವ ಮೊದಲು ಮನೆಯ ಹಿರಿಯರಿಗೆ ಒಬ್ಬರಿಗೇ ಓದಿ ಹೇಳುವುದು ಈಗ ನನ್ನ ಪದ್ಧತಿ. ಹುಡುಗಿಯ ತಂದೆ ಮಾಡಿದ ಒಂದು ಕೆಲಸ ಜಾಣತನದ್ದು: ಮೋಡಿಯ ಆ ಎರಡು ಕಾಗದಗಳ ಕನ್ನಡ ಪಠ್ಯವನ್ನು ಅಣ್ಣನ ಕೈಯಲ್ಲೇ ಬರೆಸಿದರು. ಬರೆಯುತ್ತ ಬರೆಯುತ್ತ ಅವರಿಗೆ ಆ ಕಿರಿಯ ಮಗನ ಮೇಲೆ ಅಭಿಮಾನ ಹುಟ್ಟಿತು. ಊರ ಲೆಕ್ಕ ಅಣ್ಣನ ಪಾಲಾದಾಗ ಪರಭಾಷೆ ಕಲಿತು ದರಬಾರು ಸೇರಿದ ಹುಡುಗ ಸುಲ್ತಾನನ ನೆರಳಿನಲ್ಲಿದ್ದ ಕಾಲ್ಪನಿಕ ಪೂರ್ವಜನಿಗಿಂತ ದೊಡ್ಡವನಾಗಿ ಕಂಡ.

ಪ್ರವರದ ಆಕ್ಷೇಪವನ್ನು ಪುರೋಹಿತರೇ ಬಗೆಹರಿಸಿದರು. ಹುಡುಗಿಯನ್ನು ಸೋದರಮಾವನಿಗೆ ಒಪ್ಪಿಸಿ, ಅವರ ಗೋತ್ರದಿಂದ ಕನ್ಯಾದಾನ ಮಾಡಿಸುವ ರೂಢಿಯಿದೆ, ಹಾಗೆಯೇ ಆಯಿತು. ಇಷ್ಟು ಸುಲಭದ ದಾರಿ ಮೊದಲೇ ಇದ್ದರೆ ಈ ಹುಡುಕಾಟ ಏಕೆ ಬೇಕಿತ್ತೆಂದು ಕೇಳಿದವರಿದ್ದಾರೆ. ದೊಡ್ಡಪ್ಪನ ಸಂಶಯ ಪ್ರವರದ್ದಾಗಿರಲಿಲ್ಲ, ಅಣ್ಣತಮ್ಮಿಕೆಯದು. ಅದು ಕಾಗದವಿಲ್ಲದೆ ಹೋಗುತ್ತಿರಲಿಲ್ಲ.

ಇಂಥ ಹುಡುಕಾಟಕ್ಕೆ ಇಳಿಯುವವರು ಈ ಪ್ರಕರಣದಿಂದ ಎತ್ತಿಕೊಳ್ಳಬಹುದಾದದ್ದು ಮುಖ್ಯವಾಗಿ ಎರಡು. ಹುದ್ದೆಯಿಂದ ಬಂದ ಹೆಸರಾಗಿದ್ದರೆ ಅದರ ಹಿಂದೆ ಇನ್ನೊಂದು ಹೆಸರು ಇದ್ದೇ ಇರುತ್ತದೆ. ದಾಖಲೆಗಳಲ್ಲಿ ಆ ಹಳೆಯ ಹೆಸರನ್ನು, ಅದಕ್ಕಿಂತ ಮಿಗಿಲಾಗಿ ಊರನ್ನು ಹಿಡಿದು ಹುಡುಕಬೇಕು. ತ್ರ್ಯಂಬಕದ ವಹಿ ತೆರೆದದ್ದು ಊರಿನ ಹೆಸರಿಗೆ. ಎರಡನೆಯದು, ಹೆಸರು ಯಾವಾಗ ಹೆಪ್ಪುಗಟ್ಟಿತು ಎಂಬುದು. ಕಂಪನಿ ಸರಕಾರ 1837ರಲ್ಲಿ ತನ್ನ ಕಚೇರಿಗಳಿಂದ ಪಾರಸಿಯನ್ನು ಕೈಬಿಡಲು ಕಾಯಿದೆ ಮಾಡಿತು. ಸಂಸ್ಥಾನಗಳಿಗಂತೂ 1818ರಲ್ಲಿ ಪೇಶ್ವೆ ಬಿದ್ದ ಮೇಲೆ ಪಾರಸಿಯಲ್ಲಿ ರಾಜಕಾರಣ ನಡೆಸುವ ಅಗತ್ಯವೇ ಉಳಿಯಲಿಲ್ಲ. ಕೆಲಸ ಹೋಯಿತು. ಆದರೆ ಅದೇ ಶತಮಾನದಲ್ಲಿ ಇನಾಮು ಜಮೀನುಗಳ ತನಿಖೆ ಬಂತು, 1852ರ ಕಾಯಿದೆಯಡಿ ಇನಾಮು ಆಯೋಗ ಬಂತು, ಶಾಲೆಯ ಹಾಜರಿ ಪುಸ್ತಕ ಬಂತು. ಎಲ್ಲ ಕಡೆಯೂ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗ. ಆ ಕ್ಷಣದಲ್ಲಿ ಯಾವ ಹೆಸರು ಬಾಯಲ್ಲಿತ್ತೋ ಅದೇ ಶಾಶ್ವತವಾಯಿತು. ಎರಡು ತಲೆಮಾರು ಮೊದಲು ಈ ದಾಖಲೆಗಳು ಬಂದಿದ್ದರೆ ಈ ಹುಡುಗಿ ಕುಲಕರ್ಣಿಯಾಗಿರುತ್ತಿದ್ದಳು, ನನ್ನ ಬಳಿ ಯಾರೂ ಬರುತ್ತಿರಲಿಲ್ಲ.

ಮದುವೆಯ ನೋಂದಣಿಯಲ್ಲಿ ಸಣ್ಣ ಗೊಂದಲವಾಯಿತು. ವಧುವಿನ ತಂದೆಯ ಮನೆಯ ಅಡ್ಡಹೆಸರಿನ ಜಾಗದಲ್ಲಿ ತಪ್ಪಿ ಗಂಡನ ಹೆಸರು ತುಂಬಿದ್ದೀರಿ ಎಂದು ಗುಮಾಸ್ತರು ಅರ್ಜಿಯನ್ನು ಎರಡು ಸಲ ವಾಪಸು ಕೊಟ್ಟರು. ಶಾಲೆಯ ಪ್ರಮಾಣಪತ್ರ ತೋರಿಸಿದ ಮೇಲೆ ಒಪ್ಪಿಕೊಂಡರು. ದೊಡ್ಡಪ್ಪ ಈಗ ಕುಲಕರ್ಣಿಯಾಗಿ ಉಳಿದ ಆ ಹಿರಿಯ ಮಗನ ವಂಶವನ್ನು ಹುಡುಕುತ್ತಿದ್ದಾರೆ. ನಿಜವಾದ ದಾಯಾದಿಗಳು ಅವರು, ಮತ್ತು ಬೇರೆ ಅಡ್ಡಹೆಸರಿನಲ್ಲಿದ್ದಾರೆ. ಕುಲಕರ್ಣಿ ವತನಗಳನ್ನು, ಅಂದರೆ ವಂಶಪಾರಂಪರ್ಯ ಹಕ್ಕುಗಳನ್ನು, ರದ್ದು ಮಾಡಿದ 1950ರ ಮುಂಬಯಿ ಕಾಯಿದೆಯ ನಂತರ ವತನ ಜಮೀನುಗಳನ್ನು ಮರುಮಂಜೂರು ಮಾಡಿದ ಕಡತಗಳಲ್ಲಿ ಆಗಿನ ವತನದಾರರ ಹೆಸರುಗಳಿರುತ್ತವೆ; ತಾಲ್ಲೂಕು ಕಚೇರಿಯ ದಾಖಲೆ ಕೋಣೆಗೆ ಅರ್ಜಿ ಬರೆದುಕೊಟ್ಟಿದ್ದೇನೆ.